ನಾಲ್ಕನೇ ತರಗತಿ, 32 ಮಕ್ಕಳು: ಪಟ್ಟಿಯಲ್ಲಿ ಮೂವರು, ಪಟ್ಟಿಗೆ ಸೇರದವನೊಬ್ಬ

ಕರಿಹಲಗೆ
ಹೀಗೊಂದು ತರಗತಿ ಅಂದ್ಕೊಳ್ಳಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ನಾಲ್ಕನೇ ಕ್ಲಾಸು, 32 ಮಕ್ಕಳು, ಒಬ್ಬರೇ ಮೇಷ್ಟ್ರು. ಎಸ್‌ಎಟಿಎಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ವಿಶೇಷ ಅಗತ್ಯವುಳ್ಳ ಮಕ್ಕಳು ಅಂತ ಮೂವರ ಹೆಸರು ಏರಿದೆ. ಒಬ್ಬಳು ಎರಡೂ ಕಿವಿಗೆ ಮಷೀನ್ ಹಾಕ್ಕೊಳ್ಳೋಳು. ಒಬ್ಬನಿಗೆ ಕನ್ನಡಕ ಹಾಕಿದ ಮೇಲೂ 6/60, ಹಲಗೆ ಮೇಲಿನದ್ದು ಕಾಣಲ್ಲ. ಇನ್ನೊಬ್ಬನಿಗೆ ಬೌದ್ಧಿಕ ಅಸಮರ್ಥತೆ. ನಾಲ್ಕನೆಯವನು ಪಟ್ಟಿಯಲ್ಲೇ ಇಲ್ಲ: ಮಾತು ಪಟಪಟ, ಬಾಯಿಲೆಕ್ಕ ಚುರುಕು, ಓದೋಕೆ ಪುಸ್ತಕ ಕೊಟ್ರೆ ಬೆವರ್ತಾನೆ.

ಸಮನ್ವಯ ಶಿಕ್ಷಣದ (ಇಂಥ ಮಕ್ಕಳೂ ಎಲ್ಲರ ಜತೆ ಒಂದೇ ತರಗತಿಯಲ್ಲಿ ಕಲಿಯೋದು) ಕಾರ್ಯಾಗಾರದಲ್ಲಿ 1994ರ ಸಲಮಾಂಕಾ ಘೋಷಣೆಯಿಂದ ಶುರುವಾಗಿ ವಿಕಲಚೇತನರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆ ಒಡಂಬಡಿಕೆ, 2016ರ ಕಾಯ್ದೆ, 2020ರ ಎನ್‌ಇಪಿ ದಾಟೋ ಹೊತ್ತಿಗೆ ಊಟದ ಗಂಟೆ ಹೊಡೆದಿರುತ್ತೆ. ಊಟ ಆದ್ಮೇಲೆ ಸಹಿ. ಪ್ರಶ್ನೆ ಅದಕ್ಕಿಂತ ಸಣ್ಣದು: ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಒಳಗೆ ಬಂದ ಮೇಷ್ಟ್ರು ಏನು ಮಾಡ್ಬೇಕು? ಸಿದ್ಧಾಂತ ಬೇಡ, ಕೈಗೆ ಸಿಗೋ ಕೆಲಸ ಹೇಳಿ.

ತಾಲ್ಲೂಕು_ಸುತ್ತು
ಮೊದಲ ಕೆಲಸ ಬೆಂಚು ಎತ್ತಿಡೋದು. ಕಿವಿ ಕೇಳದ ಮಗೂನ ಮೊದಲ ಸಾಲಿಗೆ ಹಾಕಿಬಿಡ್ತಾರೆ, ಅದು ಅರ್ಧ ತಪ್ಪು. ಮೊದಲ ಸಾಲಲ್ಲಿ ಕೂತ್ರೆ ಹಿಂದೆ ಯಾರು ಉತ್ತರ ಹೇಳ್ತಿದಾರೆ ಅಂತ ಕಾಣಲ್ಲ. ಎರಡನೇ ಸಾಲಿನ ಅಂಚು, ಹೆಚ್ಚು ಕೇಳೋ ಕಿವಿ ತರಗತಿ ಕಡೆ ಇರೋ ಹಾಗೆ. ತಲೆ ತಿರುಗಿಸಿದ್ರೆ ಎಲ್ಲರ ಮುಖ ಸಿಗಬೇಕು. ಮೇಷ್ಟ್ರು ಕಿಟಕಿಗೆ ಬೆನ್ನು ಹಾಕಿ ನಿಲ್ಲಬಾರದು, ಬೆಳಕು ಹಿಂದಿದ್ರೆ ತುಟಿ ಕಪ್ಪಾಗಿ ಕಾಣುತ್ತೆ. ಹಲಗೆ ಕಡೆ ತಿರುಗಿ ಬರೀತಾ ಪಾಠ ಹೇಳೋ ಅಭ್ಯಾಸ ಬಿಡಿ. ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ. ಇಷ್ಟಕ್ಕೆ ಅನುದಾನ, ಆದೇಶ ಯಾವುದೂ ಬೇಕಿಲ್ಲ.

ಕಿವಿಮಾತು
ಮೇಲಿನದ್ದು ಸರಿ, ಆದ್ರೆ ಮಷೀನ್ ನಡೀತಿದ್ಯಾ ಅಂತ ನೋಡದೆ ಬೆಂಚು ಬದಲಾಯಿಸಿ ಉಪಯೋಗ ಇಲ್ಲ. ದಿನಾ ಹಾಜರಿ ಕರೆಯೋಕೆ ಮುಂಚೆ ಒಂದು ನಿಮಿಷ ಕೊಡಿ. ಮಗುವಿನಿಂದ ಒಂದು ಮೀಟರ್ ದೂರ ನಿಂತು, ಬಾಯಿಗೆ ತೆಳು ಬಟ್ಟೆ ಅಡ್ಡ ಹಿಡಿದು (ಕೈ ಅಡ್ಡ ಇಟ್ರೆ ಸದ್ದೇ ಕುಗ್ಗುತ್ತೆ) ಆರು ಧ್ವನಿ ಹೇಳಿ: ಆ, ಈ, ಊ, ಮ್, ಶ್, ಸ್. ಕೇಳಿದ್ದನ್ನ ತಿರುಗಿ ಹೇಳ್ಬೇಕು ಇಲ್ಲಾ ಕೈ ಎತ್ತಬೇಕು. ಕ್ರಮ ದಿನಾ ಬದಲಿಸಿ, ಇಲ್ಲದಿದ್ರೆ ಬಾಯಿಪಾಠ ಮಾಡ್ಕೊಂಡು ಹೇಳ್ತಾರೆ. ನಡುವೆ ಸುಮ್ಮನೆ ಒಂದೆರಡು ಸಲ ಏನೂ ಹೇಳದೆ ನಿಲ್ಲಿ. ಆಗಲೂ ಕೈ ಎತ್ತಿದ್ರೆ ಅದು ಕೇಳಿದ್ದಲ್ಲ, ಊಹೆ. ಕನ್ನಡದ ಸ್ವರ ವ್ಯಂಜನಗಳೆಲ್ಲ ಬೀಳೋದು ಈ ಆರರ ನಡುವೆಯೇ. ನಿನ್ನೆವರೆಗೆ ಕೇಳ್ತಿದ್ದ "ಸ್" ಇವತ್ತು ಕೇಳ್ಲಿಲ್ಲ ಅಂದ್ರೆ ಮೊದಲು ಮಷೀನ್ ನೋಡಿ, ಆಮೇಲೆ ಕಿವಿ.

ಕೆಡೋದು ಸಾಮಾನ್ಯವಾಗಿ ಮೂರು ಕಡೆ. ಬ್ಯಾಟರಿ ಸತ್ತಿರುತ್ತೆ. ಕಿವಿಯ ಅಚ್ಚಿನ ಕೊಳವೆಯಲ್ಲಿ ಗುಗ್ಗೆಯೋ ಬೆವರಿನ ಹನಿಯೋ ಕಟ್ಟಿರುತ್ತೆ. ಇಲ್ಲಾ ಅಚ್ಚೇ ಸಡಿಲ ಆಗಿರುತ್ತೆ. ಮಗು ಬೆಳೆದ ಹಾಗೆ ಕಿವಿನೂ ಬೆಳೆಯುತ್ತೆ, ಹಳೇ ಅಚ್ಚು ಕೂರಲ್ಲ, "ಕುಯ್ಯ್" ಅಂತ ಶಿಳ್ಳೆ ಬರುತ್ತೆ. ಶಿಳ್ಳೆ ಬಂದ್ರೆ ಶಾಲೇಲಿ ವಾಲ್ಯೂಮ್ ಕಮ್ಮಿ ಮಾಡಿಬಿಡ್ತಾರೆ. ಅಲ್ಲಿಗೆ ಮಷೀನ್ ಹಾಕ್ಕೊಂಡೂ ಕಿವುಡು. ಮಾಡಬೇಕಾದ್ದು ಹೊಸ ಅಚ್ಚು.

ಬೀರು_ಬೀಗ
ಅದಕ್ಕೂ ಮುಂಚೆ ಮಷೀನ್ ಮನೆ ಬೀರುವಿಂದ ಹೊರಗೆ ಬರಬೇಕಲ್ಲ! "ಸರ್ಕಾರ ಕೊಟ್ಟಿದ್ದು, ಕಳೆದ್ರೆ ಯಾರು ಕೊಡ್ತಾರೆ" ಅಂತ ಸೀರೆ ಮಧ್ಯೆ ಸುತ್ತಿಟ್ಟಿರ್ತಾರೆ.

ಕಿವಿಮಾತು
ಆ ಭಯ ಸುಳ್ಳಲ್ಲ. ಎರಡು ಮಷೀನಿಗೂ ಒಂದು ದಾರ ಕಟ್ಟಿ, ಅದನ್ನ ಯೂನಿಫಾರ್ಮ್ ಕಾಲರ್ ಹಿಂದೆ ಪಿನ್ನು ಹಾಕಿ. ಕಿವಿಯಿಂದ ಬಿದ್ರೂ ಬೆನ್ನ ಮೇಲೆ ನೇತಾಡುತ್ತೆ. ಕಬಡ್ಡಿ ಪೀರಿಯಡ್‌ನಲ್ಲಿ ಬಿಚ್ಚಿಟ್ಕೊಳ್ಳೋಕೆ ಮೇಷ್ಟ್ರ ಮೇಜಿನಲ್ಲಿ ಹೆಸರು ಬರೆದ ಒಂದು ಡಬ್ಬಿ.

ಕೈಮಾತು
ಎಲ್ಲರೂ ಮಷೀನ್, ತುಟಿ ಅಂತಲೇ ಹೇಳ್ತಿದೀರಿ. ತುಟಿ ನೋಡಿ ಕನ್ನಡ ಓದೋದು ಎಷ್ಟು ಕಷ್ಟ ಅಂತ ಕನ್ನಡಿ ಮುಂದೆ ನಿಂತು ನೋಡಿ. "ಮರ", "ಬರ", "ಪರ" ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತೆ. ಕ, ಗ ಗಂಟಲ ಹತ್ತಿರ ಹುಟ್ಟೋದು, ತುಟಿಯಲ್ಲಿ ಏನೂ ಕಾಣಲ್ಲ. ಉಕ್ತಲೇಖನ ಕೊಟ್ಟು "ಮರ" ಬದಲು "ಬರ" ಬರೆದಳು ಅಂತ ಅಂಕ ಕಳೆಯೋದು ಕಿವಿ ಕೇಳಲ್ಲ ಅನ್ನೋದಕ್ಕೆ ಶಿಕ್ಷೆ ಕೊಟ್ಟ ಹಾಗೆ. ಆ ಮಗುವಿಗೆ ಉಕ್ತಲೇಖನದ ಬದಲು ಚಿತ್ರ ತೋರಿಸಿ ಪದ ಬರೆಸಿ.

ತೀವ್ರ ಕಿವುಡಿನ ಮಕ್ಕಳಿಗೆ ಭಾರತೀಯ ಸಂಜ್ಞಾ ಭಾಷೆ ಬೇಕು. ಒಡಂಬಡಿಕೆಯ 24ನೇ ವಿಧಿ ಸಮನ್ವಯ ಶಿಕ್ಷಣದ ಜತೆಗೇ ಸಂಜ್ಞಾ ಭಾಷೆ ಕಲಿಕೆ, ಕಿವುಡ ಸಮುದಾಯದ ಭಾಷಾ ಅಸ್ಮಿತೆ ಅಂತ ಬರೆದಿದೆ. ಸಂಜ್ಞೆ ಬಾರದ 31 ಮಕ್ಕಳ ನಡುವೆ ಒಬ್ಬಳನ್ನ ಕೂರಿಸಿ ಅದನ್ನ ಸಮನ್ವಯ ಅಂದ್ರೆ, ಅವಳು ಇರೋದು ಗುಂಪಲ್ಲಿ, ಬದುಕೋದು ಒಂಟಿಯಾಗಿ.

ಹುಬ್ಬಳ್ಳಿ_ಮಾಸ್ತರ
ಅದಕ್ಕ ನಾ ಹೇಳೂದು, ಅಂಥ ಮಕ್ಕಳಿಗೆ ವಿಶೇಷ ಶಾಲೆನ ಛಲೋ. ಒಬ್ಬ ಮಾಸ್ತರ, 32 ಹುಡುಗೂರು, ಬಿಸಿಯೂಟದ ಲೆಕ್ಕ, ತತ್ತಿ ಬಾಳೆಹಣ್ಣಿನ ಲೆಕ್ಕ, ಮ್ಯಾಲೆ ಆನ್‌ಲೈನ್ ಎಂಟ್ರಿ. ಇದರಾಗ ಆರು ಧ್ವನಿ ಪರೀಕ್ಷೆ ಯಾವಾಗ ಮಾಡಬೇಕ್ರಿ? ಕಾಯ್ದೆ ಬರೆದವರು ಒಂದ್ ದಿನ ಬಂದು ಕ್ಲಾಸ್ ತಗೊಳ್ಳಲಿ.

ಕಲಂ_31
ಮಾಸ್ತರೇ, ಹೊರೆ ನಿಜ. ಆದ್ರೆ ಯಾವ ಶಾಲೆ ಅನ್ನೋದನ್ನ ಶಾಲೆ ತೀರ್ಮಾನ ಮಾಡೋ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಕಲಂ 31: ಶೇ 40 ಅಥವಾ ಹೆಚ್ಚು ಅಸಮರ್ಥತೆ ಇರೋ 6ರಿಂದ 18 ವಯಸ್ಸಿನ ಮಗುವಿಗೆ ನೆರೆಯ ಶಾಲೆಯಲ್ಲಿ ಇಲ್ಲವೇ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು. ಆಯ್ಕೆ ಮನೆಯವರದ್ದು. "ನಮ್ಮಲ್ಲಿ ಸೌಲಭ್ಯ ಇಲ್ಲ, ಬೇರೆ ಕಡೆ ಸೇರಿಸಿ" ಅನ್ನೋ ಮಾತು ಖಾಸಗಿ ಶಾಲೆಗೂ ನಡೆಯಲ್ಲ. ಸರ್ಕಾರದ ಮಾನ್ಯತೆ ಇರೋ ಎಲ್ಲ ಶಾಲೆಗೂ ಕಲಂ 16 ಅನ್ವಯ ಆಗುತ್ತೆ. ಕಾಯ್ದೆ ಮೀರಿದ್ರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದ್ರೆ 50,000ದಿಂದ 5 ಲಕ್ಷ. ದೂರು ಕೊಡೋದು ವಿಕಲಚೇತನರ ರಾಜ್ಯ ಆಯುಕ್ತರಿಗೆ. ಬಾಯಿಮಾತಲ್ಲಿ ಬೇಡ ಅಂದ್ರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಬಹಳ ಕಡೆ ಸೌಲಭ್ಯ ಅಲ್ಲಿಗೇ ಹುಟ್ಟಿಕೊಳ್ಳುತ್ತೆ.

ತಾಲ್ಲೂಕು_ಸುತ್ತು
ಇನ್ನೊಂದು ಗೊಂದಲ ಸೇರಿಸ್ಲಾ? ನಮ್ಮ ರಾಜ್ಯದಲ್ಲಿ ವಿಶೇಷ ಶಾಲೆಗಳು ಬರೋದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕೆಳಗೆ. ಬಿಐಇಆರ್‌ಟಿ (ಶಾಲೆಯಿಂದ ಶಾಲೆಗೆ ಹೋಗೋ ತಾಲ್ಲೂಕಿನ ವಿಶೇಷ ಶಿಕ್ಷಕರು) ಬರೋದು ಶಿಕ್ಷಣ ಇಲಾಖೆ, ಸಮಗ್ರ ಶಿಕ್ಷಣ ಯೋಜನೆಯ ಕೆಳಗೆ. ಪಂಚಾಯಿತಿಯಲ್ಲಿ ಕೂರೋ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಮತ್ತೆ ಮೊದಲನೇ ಇಲಾಖೆ. ಮಗು ಒಂದೇ, ಕಡತ ಮೂರು. ಹೆಡ್‌ಮಾಸ್ಟರ್ ಹತ್ತಿರ ವಿಆರ್‌ಡಬ್ಲ್ಯೂ ಫೋನ್ ನಂಬರ್ ಇದ್ರೆ ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ), ಬಸ್ ಪಾಸು, ಮಾಸಾಶನದ ಅರ್ಧ ಓಡಾಟ ತಪ್ಪುತ್ತೆ. ಬಿಐಇಆರ್‌ಟಿ ತಾಲ್ಲೂಕು ಪೂರ್ತಿ ಸುತ್ತಬೇಕು, ಅವರನ್ನೇ ಕಾಯ್ತಾ ಕೂರಬೇಡಿ.

ಹುಬ್ಬಳ್ಳಿ_ಮಾಸ್ತರ
ಮತ್ತ ಸುಪ್ರೀಂ ಕೋರ್ಟ್ ಏನೋ ಹೇಳಿತ್ತಲ್ರಿ, ವಿಶೇಷ ಶಿಕ್ಷಕರ ಬಗ್ಗೆ?

ಕಲಂ_31
ಹೌದು. 2021ರ ಅಕ್ಟೋಬರ್, ರಜನೀಶ್ ಕುಮಾರ್ ಪಾಂಡೆ ಪ್ರಕರಣ: ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಅಂತ ಗೊತ್ತುಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನುಸೂಚಿ ತಿದ್ದಿತು: 1ರಿಂದ 5ನೇ ತರಗತಿಯಲ್ಲಿ ಪ್ರತಿ 10 ಅಸಮರ್ಥತೆಯ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, 6ರಿಂದ 8ಕ್ಕೆ ಪ್ರತಿ 15ಕ್ಕೆ ಒಬ್ಬ. 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಹುದ್ದೆ ಮಂಜೂರು ಮಾಡಿ ಅಂತ ಕೋರ್ಟ್ ಮತ್ತೆ ಹೇಳಬೇಕಾಯ್ತು. ಎಷ್ಟು ಬೇಗ ನಡೀತಿದೆ ಅನ್ನೋದಕ್ಕೆ ಈ ಇಸವಿಗಳೇ ಸಾಕು.

ಆರು_ಚುಕ್ಕಿ
6/60 ಹುಡುಗನ ವಿಷಯಕ್ಕೆ ಬರ್ತೀನಿ. ಲೆಕ್ಕ ಸುಲಭ. 6/60 ಅಂದ್ರೆ ಬೇರೆಯವರು 60 ಮೀಟರಿಂದ ಓದೋದನ್ನ ಅವನು 6 ಮೀಟರಿಂದ ಓದ್ತಾನೆ. ಅವನು ಹಲಗೆಯಿಂದ 2 ಮೀಟರ್ ದೂರ ಕೂತ್ರೆ ಅಕ್ಷರ ಸುಮಾರು 3 ಸೆಂಟಿಮೀಟರ್ ಎತ್ತರ ಇದ್ದಾಗ ಕಷ್ಟಪಟ್ಟು ಗುರುತು ಸಿಗುತ್ತೆ. ಆರಾಮಾಗಿ ಓದೋಕೆ ಅದರ ಎರಡರಷ್ಟು, ಅಂದ್ರೆ 6 ಸೆಂ.ಮೀ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಸಣ್ಣದು, ಹಾಗಾಗಿ ಕನ್ನಡಕ್ಕೆ ಇನ್ನೂ ಸ್ವಲ್ಪ ಜಾಸ್ತಿನೇ ಬೇಕು. ಇಡೀ ಪಾಠ 6 ಸೆಂ.ಮೀ.ನಲ್ಲಿ ಬರೆಯೋಕೆ ಹಲಗೆ ಸಾಲಲ್ಲ. ಅದಕ್ಕೇ ಎರಡು ದಾರಿ:

ಹಲಗೆ ಮೇಲೆ ಶೀರ್ಷಿಕೆ, ಹೊಸ ಪದ, ಲೆಕ್ಕದ ಅಂಕಿ ಮಾತ್ರ ದೊಡ್ಡದಾಗಿ. ಬರೀತಾ ಬರೀತಾ ಬಾಯಲ್ಲೂ ಹೇಳಿ (ಹೇಳುವಾಗ ಮುಖ ಈಕಡೆ, ಕಿವಿ ಕೇಳದವಳು ಅದೇ ಕ್ಲಾಸಲ್ಲಿದ್ದಾಳೆ!). "ಇದಕ್ಕೆ ಅದನ್ನ ಕೂಡಿಸಿದ್ರೆ ಇಷ್ಟು" ಅಂತ ಬೆರಳು ತೋರಿಸಬೇಡಿ. "ಮುನ್ನೂರ ನಲವತ್ತಕ್ಕೆ ಇಪ್ಪತ್ತೈದು" ಅನ್ನಿ.

ಉಳಿದಿದ್ದು ಅವನ ಮೇಜಿನ ಮೇಲೆ. ಪಕ್ಕದವನ ನೋಟ್‌ಬುಕ್ ಕೆಳಗೆ ಕಾರ್ಬನ್ ಹಾಳೆ ಇಟ್ರೆ ನಕಲು ಸಿಗುತ್ತೆ ಅನ್ನೋ ಸಲಹೆ ಓಡಾಡ್ತಿದೆ. ಅದು ಮಸುಕು, ಇವನಿಗೆ ಆಗಲ್ಲ. ಕಪ್ಪು ಸ್ಕೆಚ್ ಪೆನ್ನಲ್ಲಿ ಮುಖ್ಯ ನಾಲ್ಕು ಸಾಲು ಬರೆದುಕೊಟ್ರೆ ಸಾಕು. ಪಠ್ಯಪುಸ್ತಕದ ಪುಟ ಎ4ನಿಂದ ಎ3ಗೆ ಝೆರಾಕ್ಸ್ ಮಾಡಿಸಿದ್ರೆ ಅಕ್ಷರ ಶೇ 141. ಅದೇ ಪ್ರಮಾಣದಲ್ಲಿ ಇನ್ನೊಂದು ಸಲ ಹಿಗ್ಗಿಸಿದ್ರೆ ದುಪ್ಪಟ್ಟು, ಆದ್ರೆ ಹಾಳೆ ತುಂಡು ತುಂಡಾಗಿ ಬರುತ್ತೆ. ಪುಸ್ತಕ ಕಣ್ಣಿಗೆ ಹತ್ತಿರ ಹಿಡಿದ್ರೆ ಬೈಬೇಡಿ, ಹತ್ತಿರ ಹಿಡಿದ್ರೆ ಕಣ್ಣು ಹಾಳಾಗಲ್ಲ. ಬೆನ್ನು ಬಗ್ಗದ ಹಾಗೆ ಓರೆ ಹಲಗೆ ಕೊಡಿ, ಒಂದು ತುದಿಗೆ ಇಟ್ಟಿಗೆ ಕೊಟ್ಟ ರಟ್ಟೂ ಆಗುತ್ತೆ.

ತೊಂಡೆಸೊಪ್ಪು
ಹಲಗೆ ಬೂದಿ ಬಣ್ಣಕ್ಕೆ ತಿರುಗಿದ್ರೆ ಎಷ್ಟು ದೊಡ್ಡದಾಗಿ ಬರೆದ್ರೂ ಅಷ್ಟೇ. ತೊಂಡೆಸೊಪ್ಪು, ಇದ್ದಿಲು ಅರೆದು ಉಜ್ಜೋ ಪದ್ಧತಿ ಎಲ್ಲಿ ಹೋಯ್ತು?

ಬೀರು_ಬೀಗ
ಗ್ರೀನ್ ಬೋರ್ಡ್ ಬಂದ ಮೇಲೆ ತೊಂಡೆಬಳ್ಳಿ ಪಲ್ಯಕ್ಕೆ ಮಾತ್ರ.

ಆರು_ಚುಕ್ಕಿ
ನಗಬೇಡಿ, ಅದು ನಿಜವಾಗ್ಲೂ ಕೆಲಸದ ಮಾತು. ಮಂದದೃಷ್ಟಿಗೆ ಗಾತ್ರದಷ್ಟೇ ಮುಖ್ಯ ಕಪ್ಪು ಬಿಳುಪಿನ ವ್ಯತ್ಯಾಸ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಕಪ್ಪು ಹಲಗೆ, ಬಿಳಿ ಇಲ್ಲಾ ಹಳದಿ ಸೀಮೆಸುಣ್ಣ. ಕೆಂಪು, ನೀಲಿ ಬೇಡ. ಹೊಳೆಯೋ ಹಲಗೆ ಮೇಲೆ ಕಿಟಕಿ ಬೆಳಕು ಬಿದ್ರೆ ಆ ಕಿಟಕಿಗೆ ಒಂದು ಗೋಣಿತಾಟು.

ದೃಷ್ಟಿ ವರ್ಷದಿಂದ ವರ್ಷಕ್ಕೆ ಇಳಿಯೋ ಕಾಯಿಲೆ ಅಂತ ಡಾಕ್ಟರು ಹೇಳಿದ್ರೆ, ಈಗ ಸ್ವಲ್ಪ ಕಾಣ್ತಿದ್ರೂ ಬ್ರೈಲ್ ಶುರು ಮಾಡಿ. ಕನ್ನಡ ಬ್ರೈಲ್ ಒಂದು ಲೆಕ್ಕದಲ್ಲಿ ಅಚ್ಚಿನ ಕನ್ನಡಕ್ಕಿಂತ ಸರಳ: ಕಾಗುಣಿತದ ಆಕಾರ ಬದಲಾಗಲ್ಲ. ಕ ಆದ ಮೇಲೆ ಇ ಚುಕ್ಕಿ ಇಟ್ರೆ ಅದೇ ಕಿ. ಒತ್ತಕ್ಷರಕ್ಕೆ ಮಾತ್ರ 4ನೇ ಚುಕ್ಕಿ ವ್ಯಂಜನದ ಮುಂಚೆ ಬರುತ್ತೆ, ಅಲ್ಲಿ ಎಡವ್ತಾರೆ. ಬ್ರೈಲ್ ಸ್ಲೇಟಿನಲ್ಲಿ ಹಾಳೆ ಇಟ್ಟು ಮೊನೆ ಕಡ್ಡಿಯಲ್ಲಿ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಶುರುವಿನಲ್ಲಿ ಹಾಳೆ ಹರಿಯೋದು ತೆಳು ನೋಟ್‌ಬುಕ್ ಹಾಳೆ ಕೊಟ್ಟಿದ್ದಕ್ಕೆ. ದಪ್ಪ ಹಾಳೆ ಕೊಡಿ, ಹಳೇ ಕ್ಯಾಲೆಂಡರ್ ಆದ್ರೂ ನಡೆಯುತ್ತೆ.

ಒತ್ತಕ್ಷರ
ಪಟ್ಟಿಯಲ್ಲಿ ಇಲ್ಲದ ನಾಲ್ಕನೆಯವನನ್ನ ಎಲ್ಲರೂ ಮರೆತ್ರಿ ನೋಡಿ. ಇಂಗ್ಲಿಷಿನವರು ಹೇಳೋ "ಬಿ, ಡಿ ಉಲ್ಟಾ ಬರೀತಾನಾ" ಅನ್ನೋ ಪಟ್ಟಿ ಹಿಡ್ಕೊಂಡು ಕನ್ನಡ ಹುಡುಗನ ಕಲಿಕಾ ನ್ಯೂನತೆ (ಬುದ್ಧಿ ಚುರುಕಿದ್ದೂ ಓದು ಬರಹ ಹತ್ತದಿರೋದು) ಹುಡುಕೋಕೆ ಹೋಗ್ಬೇಡಿ. ಕನ್ನಡದಲ್ಲಿ ಅದು ಕಾಣಿಸೋ ಜಾಗವೇ ಬೇರೆ.

"ಅಕ್ಕಿ" ನೋಡಿ. ಬಾಯಲ್ಲಿ ಕ್, ಕ್, ಆಮೇಲೆ ಇ. ಬರಹದಲ್ಲಿ ಇಕಾರದ ಗುಡಿಸು ಮೇಲಿನ ಕ ಮೇಲೆ ಕೂತಿದೆ, ಎರಡನೇ ಕ ಕೆಳಗೆ ಒತ್ತಾಗಿ ನೇತಾಡ್ತಿದೆ. ಕಾಣಿಸೋ ಕ್ರಮ ಒಂದು, ಉಚ್ಚಾರದ ಕ್ರಮ ಇನ್ನೊಂದು. ಈ ಹುಡುಗ "ಅಕಿಕ" ಅಂತ ಓದ್ತಾನೆ. "ಸೂರ್ಯ"ದಲ್ಲಿ ಅರ್ಕಾವತ್ತು ಕೊನೆಗಿದೆ, ಉಚ್ಚಾರ ಮುಂಚೆ, ಅದನ್ನ "ಸೂಯರ" ಅಂತಾನೆ. ಒತ್ತು ಪೂರ್ತಿ ಬಿಟ್ಟು "ಅಕಿ" ಬರೀತಾನೆ, ದೀರ್ಘ ನುಂಗ್ತಾನೆ, ಒಂದೇ ಪುಟದಲ್ಲಿ ಒಂದೇ ಪದ ಮೂರು ಥರ ಬರೆದಿರ್ತಾನೆ. ಮೂರನೇ ತರಗತಿ ಮುಗಿದ ಮೇಲೂ ಪಾಠ ಹೇಳಿಕೊಟ್ಟು ಹೇಳಿಕೊಟ್ಟು ಇದು ಹೋಗದಿದ್ರೆ ಆಗ ಅನುಮಾನಿಸಿ.

ಮಂಡ್ಯ_ಬೆಲ್ಲ
ನಮ್ ಕಡೆ ಅರ್ಧ ಕ್ಲಾಸು "ಹಕ್ಕಿ"ನ "ಅಕ್ಕಿ" ಅಂತ್ಲೇ ಬರೆಯೋದು. ಎಲ್ರನ್ನೂ ನಿಮ್ಹಾನ್ಸ್‌ಗೆ ಕಳಿಸ್ಬೇಕಾ?

ಒತ್ತಕ್ಷರ
ಬೇಡ ಗೌಡ್ರೇ. ಹಕಾರ ಬಿಡೋದು, "ಭಾರತ"ನ "ಬಾರತ" ಅನ್ನೋದು, ಶ ಷ ಸ ಒಂದಾಗೋದು, ಇವೆಲ್ಲ ಆಡುಮಾತು. ಮನೇಲಿ ಹೇಗೆ ಮಾತೋ ಹಾಗೆ ಬರೀತಾರೆ. ಅದು ಕಾಯಿಲೆ ಅಲ್ಲ, ತಪ್ಪು ಅಂತ ಹೊಡೆಯೋದೂ ಅಲ್ಲ. ಗುರುತು ಹಿಡಿಯೋಕೆ ಒಂದು ಉಪಾಯ: ಅವನು ಬಾಯಲ್ಲಿ ಹೇಳೋ ಹಾಗೇ ಬರೆದಿದ್ರೆ ಆಡುಮಾತು. ಬಾಯಲ್ಲಿ ಸರಿ ಹೇಳಿ ಬರಹದಲ್ಲಿ ಧ್ವನಿಗಳು ಅದಲು ಬದಲು ಆದ್ರೆ ಅಥವಾ ಬಿಟ್ಟುಹೋದ್ರೆ ಗಮನ ಕೊಡಿ.

ಅದಕ್ಕೂ ಮುಂಚೆ ನಾಲ್ಕು ಬಾಗಿಲು ತಟ್ಟಿ. ಕಣ್ಣು ಪರೀಕ್ಷೆ ಆಗಿದ್ಯಾ? ಕಿವಿ ಸೋರುತ್ತಾ? ಹಾಜರಿ ಎಷ್ಟು, ಕಬ್ಬು ಕಡಿಯೋ ಕಾಲಕ್ಕೆ ಮನೆಯವರ ಜತೆ ಗುಳೆ ಹೋಗಿದ್ನಾ? ಮನೆ ಮಾತು ಲಂಬಾಣಿಯಾ, ಉರ್ದುನಾ, ತೆಲುಗಾ? ಈ ನಾಲ್ಕೂ ಸರಿ ಇದ್ರೆ ಎರಡು ಮೂರು ತಿಂಗಳು ದಿನಾ 20 ನಿಮಿಷ ಕೂರಿಸಿ. 49 ಅಕ್ಷರ ಮತ್ತೆ ಮೊದಲಿಂದ ಬೇಡ. ನಲಿಕಲಿಯ (1ರಿಂದ 3ನೇ ತರಗತಿಯ ಚಟುವಟಿಕೆ ಪದ್ಧತಿ) ರ, ಗ, ಸ, ದ, ಅ ಐದೇ ತಗೊಳ್ಳಿ. ಅದರಲ್ಲೇ ಸರ, ರಸ, ಅರಸ, ಅಗಸ, ದರ ಎಲ್ಲ ಆಗುತ್ತೆ. ಮರಳಲ್ಲಿ ಬೆರಳಾಡಿಸಿ ಬರೀತಾ ಜೋರಾಗಿ ಹೇಳಲಿ. ಐದೂ ತಡೆಯಿಲ್ಲದೆ ಬಂದ ಮೇಲೆ ಮುಂದಿನ ಗುಂಪು. ಆಮೇಲೆ ಒಂದು ಸ್ವರಚಿಹ್ನೆ ಮಾತ್ರ, ಎಲ್ಲ ಅಕ್ಷರಕ್ಕೂ. ಒತ್ತಕ್ಷರಕ್ಕೆ ಬಂದಾಗ ಮೊದಲು ಸಜಾತಿ (ಕ್ಕ, ತ್ತ, ಪ್ಪ), ಅದು ಗಟ್ಟಿಯಾದ ಮೇಲೆ ವಿಜಾತಿ, ಅರ್ಕಾವತ್ತು ಕಡೆಗೆ. ಒತ್ತನ್ನ ಬೇರೆ ಬಣ್ಣದಲ್ಲಿ ಬರೆದುಕೊಡಿ. ಅಷ್ಟು ಮಾಡಿದ ಮೇಲೂ ಅಲ್ಲೇ ನಿಂತಿದ್ರೆ ಆ ಎರಡು ಮೂರು ತಿಂಗಳ ಹಾಳೆಗಳನ್ನ ತಾರೀಖು ಹಾಕಿ ಜೋಡಿಸಿ ಡಾಕ್ಟರ ಹತ್ತಿರ ಕಳಿಸಿ. "ಓದಲ್ಲ" ಅಂತ ಬರೆದ ಚೀಟಿಗಿಂತ ಆ ಹಾಳೆಗಳು ಮಾತಾಡ್ತವೆ.

ಕರಿಹಲಗೆ
ಪ್ರಮಾಣಪತ್ರ ಇಲ್ಲದೆ ಏನೂ ಕೊಡೋ ಹಾಗಿಲ್ಲ ಅಂತಾರಲ್ಲ ಸರ್?

ಕಲಂ_31
ಇದೇ ಅತಿ ದೊಡ್ಡ ತಪ್ಪು ತಿಳಿವಳಿಕೆ. ಕಾಯ್ದೆ ಬಿಡಿಸಿ ಓದಿ. ಕಲಂ 17ರಲ್ಲಿ ಉಚಿತ ಪುಸ್ತಕ, ಸಾಧನ, ವಿದ್ಯಾರ್ಥಿವೇತನದ ಉಪಕಲಂಗಳಲ್ಲಿ ಶೇ 40ರ ಷರತ್ತಿದೆ. ಪಠ್ಯಕ್ರಮ, ಪರೀಕ್ಷೆ ಮಾರ್ಪಾಡು, ಹೆಚ್ಚು ಸಮಯ, ಸ್ಕ್ರೈಬ್ (ಮಗು ಹೇಳಿದ ಉತ್ತರ ಬರೆಯೋ ಸಹಾಯಕ), ಎರಡನೇ ಮೂರನೇ ಭಾಷೆ ವಿನಾಯಿತಿಯ ಉಪಕಲಂನಲ್ಲಿ ಆ ಷರತ್ತಿಲ್ಲ. ಬರೀ "ಅಸಮರ್ಥತೆಯುಳ್ಳ ವಿದ್ಯಾರ್ಥಿಗಳು" ಅಂತಿದೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿದು ಶೇ 40 ಇಲ್ಲದವರಿಗೂ ಸ್ಕ್ರೈಬ್ ಕೊಡಬೇಕು ಅಂದಿತು. ಸೌಲಭ್ಯ ಪಡೆಯೋಕೆ ಕಾಗದ ಬೇಕು, ಒಪ್ತೀನಿ. ಕಲಿಸೋಕೆ ಯಾವ ಕಾಗದವೂ ಬೇಡ.

ಕಲಿಕಾ ನ್ಯೂನತೆಗೆ 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14ಕ್ಕೆ ಮತ್ತೆ, 18ಕ್ಕೆ ಮತ್ತೆ ಅಂತಿತ್ತು. 2024ರಲ್ಲಿ ಮಾರ್ಗಸೂಚಿ ಬದಲಾಗಿದೆ, ಈಗಿನದ್ದು ಕೇಳಿ ತಿಳ್ಕೊಳ್ಳಿ. ಮತ್ತೆ ಮಾಡಿಸೋದು ಮರೆತುಬಿಟ್ಟು ಎಸ್ಸೆಸ್ಸೆಲ್ಸಿ ಹೊತ್ತಿಗೆ ಪೇಚಾಡ್ತಾರೆ. ಎಂಟನೇ ತರಗತಿಯಲ್ಲೇ ನೆನಪು ಮಾಡಿ.

ಮಂಡ್ಯ_ಬೆಲ್ಲ
ಸ್ಕ್ರೈಬ್ ಕೊಟ್ರೆ ಅವ್ನೇ ಉತ್ತರ ಬರ್ದು ಪಾಸ್ ಮಾಡ್ಸಲ್ವಾ?

ತಾಲ್ಲೂಕು_ಸುತ್ತು
ಕೆಳಗಿನ ತರಗತಿಯವನನ್ನೇ ಹಾಕೋದು ಅದಕ್ಕೇ. ನಿಜವಾದ ತೊಂದರೆ ಉಲ್ಟಾ ಕಡೆ ಇದೆ. ಹಿಂದಿನ ಸಂಜೆ ಹುಡುಕಿ ತಂದ ಹುಡುಗನಿಗೆ ವರ್ಗಮೂಲದ ಚಿಹ್ನೆ ಬರೆಯೋಕೇ ಬರಲ್ಲ. ಪರೀಕ್ಷೆ ಬರೆಯೋ ಮಗುವಿಗೂ ಉತ್ತರ ಬಾಯಲ್ಲಿ ಹೇಳಿ ಬರೆಸಿ ಅಭ್ಯಾಸ ಇರಲ್ಲ: ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಸಾಲು, ಚಿತ್ರದಲ್ಲಿ ಯಾವ ಭಾಗಕ್ಕೆ ಯಾವ ಹೆಸರು ಅಂತ ಹೇಳ್ತಾ ಹೋಗೋದು ಒಂದು ವಿದ್ಯೆ. ಇಬ್ಬರನ್ನೂ ಕೂರಿಸಿ ಮೂರು ನಾಲ್ಕು ಹಳೇ ಪ್ರಶ್ನೆಪತ್ರಿಕೆ ಮಾಡಿಸಿ. ಹೆಚ್ಚಿನ ಸಮಯ ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ಇದೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಗಣಿತದ ಪಕ್ಕ ಸಮಾಜಶಾಸ್ತ್ರ, ವಿಜ್ಞಾನದ ಪಕ್ಕ ರಾಜ್ಯಶಾಸ್ತ್ರ, ಸಂಗೀತ ಅಂತ ಬರೋದೂ ಈ ಮಕ್ಕಳ ಪರ್ಯಾಯ ವಿಷಯಗಳಿಗಾಗಿ. ಆದ್ರೆ ಅದನ್ನ ಹತ್ತನೇ ತರಗತಿಯಲ್ಲಿ ಸುಲಭ ಅಂತ ಕೊಡಿಸಿ, ಪಿಯುಸಿಯಲ್ಲಿ ವಿಜ್ಞಾನ ಬೇಕು ಅಂದಾಗ ಬಾಗಿಲು ಮುಚ್ಚಿರುತ್ತೆ. ಮನೆಯವರಿಗೆ ಮೊದಲೇ ಹೇಳಿ.

ಹುಣಸೆಬೀಜ
ಮೂರನೇ ಹುಡುಗನ ಬಗ್ಗೆ. ಬೌದ್ಧಿಕ ಅಸಮರ್ಥತೆ ಇರೋ ಮಗುವಿಗೆ ನಮ್ಮ ಶಾಲೆಗಳು ಕೊಡೋ ಪಠ್ಯ ಗೊತ್ತೇ ಇದೆ: ನೀರು ತಾ, ಗಂಟೆ ಹೊಡಿ, ಹಾಜರಿ ಪುಸ್ತಕ ಕೊಟ್ಟು ಬಾ. ಅವನೂ ಖುಷಿ, ಮೇಷ್ಟ್ರೂ ಖುಷಿ, ಮೂರು ವರ್ಷ ಆದ್ಮೇಲೂ ಎಣಿಕೆ ಬರಲ್ಲ.

ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ "ಗಣಿತದಲ್ಲಿ ಸುಧಾರಣೆ ತರುವುದು" ಅಂತ ಬರೆದಿರ್ತಾರೆ. ಅದು ಗುರಿ ಅಲ್ಲ, ಹಾರೈಕೆ. ಹೀಗೆ ಬರೆಯಿರಿ: "10 ಹುಣಸೆಬೀಜದ ಗುಡ್ಡೆಯಿಂದ 1ರಿಂದ 5ರೊಳಗೆ ಕೇಳಿದಷ್ಟು ಎಣಿಸಿ ಕೊಡ್ತಾನೆ. 5 ಸಲ ಕೇಳಿದ್ರೆ 4 ಸಲ ಸರಿ, ಸತತ ಮೂರು ದಿನ." ಬಾಯಲ್ಲಿ ಇಪ್ಪತ್ತರವರೆಗೆ ಹಾಡಿನ ಹಾಗೆ ಹೇಳೋ ಮಗು ನಾಲ್ಕು ಕೊಡು ಅಂದ್ರೆ ಗುಡ್ಡೆ ಪೂರ್ತಿ ಕೊಟ್ಟುಬಿಡುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಅವನ ಪಾಠ. ನಾಲ್ಕು ಕುಳಿ ಇರೋ ಮೊಟ್ಟೆ ಟ್ರೇ ತುಂಡು ಕೊಡಿ, ಕುಳಿಗೊಂದು ಬೀಜ, ಕುಳಿ ಮುಗಿದ್ರೆ ನಿಲ್ಲಿಸು. ವಾರ ಕಳೆದ ಮೇಲೆ ಟ್ರೇ ತೆಗೀರಿ.

ಉಳಿದ 31 ಮಕ್ಕಳು ನಾಲ್ಕಂಕಿ ಕೂಡುವಾಗ ಇವನು ಮೂಲೆಯಲ್ಲಿ ಬೇರೆ ಕೆಲಸ ಮಾಡೋದಲ್ಲ. ಕ್ಲಾಸಲ್ಲಿ ಅಂಗಡಿ ಆಟ ಆಡಿಸಿ. ಒಂದು ಗುಂಪು ಬಿಲ್ಲು ಕೂಡುತ್ತೆ, ಒಂದು ಗುಂಪು ಚಿಲ್ಲರೆ ಲೆಕ್ಕ ಮಾಡುತ್ತೆ, ಇವನು ಕೇಳಿದಷ್ಟು ವಸ್ತು ಎಣಿಸಿ ಕೊಡೋನು. ಆಟ ಒಂದೇ, ಪಾಠ ಮೂರು.

ಮಂಡ್ಯ_ಬೆಲ್ಲ
ಅಂಗಡಿ ಆಟ ಚೆನ್ನಾಗೈತೆ. ಹತ್ರುಪಾಯ್ ನಾಣ್ಯ ತಗೊಳಲ್ಲ ಅಂತ ಜಗಳನೂ ಕಲೀತಾವೆ.

ಕರಿಹಲಗೆ
ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಇಂಥದ್ದಕ್ಕೆ ಜಾಗ ಇತ್ತು ಅಲ್ವಾ?

ಹುಣಸೆಬೀಜ
ಅದೇ ಸಂಕಟ. ನಲಿಕಲಿಯಲ್ಲಿ ಮಗು ತನ್ನ ಮೆಟ್ಟಿಲಲ್ಲಿ ನಿಲ್ಲಬಹುದು. ಶಿಕ್ಷಕರ ನೆರವಿನ ತಟ್ಟೆ, ಸಹಪಾಠಿ ನೆರವಿನ ತಟ್ಟೆ, ಸ್ವಕಲಿಕೆ ತಟ್ಟೆ ಅಂತೆಲ್ಲ ಒಟ್ಟು ಐದು ಗುಂಪು. ಹೆಸರು ಹಾಕದೇ ಇದ್ರೂ ಅದು ಸಮನ್ವಯ ಶಿಕ್ಷಣವೇ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರೂ ಒಂದೇ ಪುಟ. ಹಳೇ ತಟ್ಟೆ ಕಾರ್ಡುಗಳು ಪಕ್ಕದ ಕೊಠಡಿಯಲ್ಲೇ ಇರ್ತವೆ, ನಾಲ್ಕನೇ ತರಗತಿಗೆ ತಂದು ಬಳಸೋಕೆ ಯಾರ ಅಪ್ಪಣೆಯೂ ಬೇಡ. ಜತೆಗಾರರನ್ನ ವಾರಕ್ಕೊಬ್ಬರಂತೆ ಬದಲಿಸಿ, ಇಡೀ ವರ್ಷ ಒಬ್ಬಳೇ ಜಾಣ ಹುಡುಗಿ ತಲೆಗೆ ಕಟ್ಟಬೇಡಿ.

ಒಂದಕ್ಕೆ_ಹನ್ನೆರಡು
ಯಾರೂ ರ‍್ಯಾಂಪ್ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಅಳತೆ 1:12. ಜಗುಲಿ ಒಂದೂವರೆ ಅಡಿ ಇದ್ದರೆ ರ‍್ಯಾಂಪ್ 18 ಅಡಿ ಉದ್ದ. ಬಹಳ ಕಡೆ ಐದಾರು ಅಡಿಯಲ್ಲಿ ಮುಗಿಸಿ ಫೋಟೋ ಹಾಕುತ್ತಾರೆ, ಅದು ಜಾರುಬಂಡೆ. ಮೇಲೆ ಬಾಗಿಲ ಮುಂದೆ ಗಾಲಿಕುರ್ಚಿ ನಿಲ್ಲಲು ಐದಡಿ ಸಮತಟ್ಟು ಜಾಗ ಬಿಡದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ. ನುಣುಪು ಸಿಮೆಂಟ್ ಬೇಡ, ಹಸಿ ಇದ್ದಾಗಲೇ ಅಡ್ಡ ಗೀರು ಎಳೆಸಿ. ಶೌಚಾಲಯದ ಬಾಗಿಲು ಹೊರಗೆ ತೆರೆಯಬೇಕು, ಒಳಗೆ ತೆರೆದರೆ ಕುರ್ಚಿ ಒಳಗಿದ್ದಾಗ ಮುಚ್ಚಲಾಗದು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಬಿಲ್ ಸಹಿ ಮಾಡುವ ಮೊದಲು ಟೇಪು ಹಿಡಿಯಲಿ.

ಹುಬ್ಬಳ್ಳಿ_ಮಾಸ್ತರ
ಆ ಶೌಚಾಲಯದಾಗ ಸದ್ಯಕ್ಕ ಬಿಸಿಯೂಟದ ಕಟಿಗಿ ಇಟ್ಟಿರತಾರ್ರಿ.

ಹಣದ ಮಾತು ಯಾರೂ ತೆಗಿಲಿಲ್ಲ. ಸಮಗ್ರ ಶಿಕ್ಷಣದಾಗ ಮಗುವಿಗೆ ವರ್ಷಕ್ಕ 3,500 ರೂಪಾಯಿ ಲೆಕ್ಕ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂಗ 10 ತಿಂಗಳ ಪ್ರೋತ್ಸಾಹಧನ ಅದರಾಗನ ಬಂತು. ನಿಮ್ಮ ಆ ಕಿವಿ ಮಷೀನ್ ಹುಡುಗಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗೇತೇನು ನೋಡ್ರಿ ಮೊದಲ. ಅದೊಂದು ಆಗದ್ದಕ್ಕ ರೊಕ್ಕ ವಾಪಸ್ ಹೋಗೂದು ಜಾಸ್ತಿ.

ಕೈಮಾತು
ವಿಶೇಷ ಶಾಲೆನೇ ಛಲೋ ಅಂದವರು ಆಧಾರ್ ಜೋಡಣೆವರೆಗೆ ಬಂದ್ರಲ್ಲ ಮಾಸ್ತರೇ!

ಹುಬ್ಬಳ್ಳಿ_ಮಾಸ್ತರ
ಇನ್ನೂ ಒಪ್ಪಿಲ್ರಿ ನಾ. ಆದ್ರ ಕೂಸು ನನ್ನ ಕ್ಲಾಸಿನಾಗ ಕುಂತಮ್ಯಾಲೆ ಅದರ ಕೆಲಸ ಯಾರ್ ಮಾಡೋರು?

ಕರಿಹಲಗೆ
ಎಲ್ಲರಿಗೂ ವಂದನೆ. ಬೆಂಚು, ಹಲಗೆ, ಹುಣಸೆಬೀಜ, ರಗಸದಅ ಬರ್ಕೊಂಡಿದ್ದಾಯ್ತು. ಒಂದೇ ಅನುಮಾನ ಉಳೀತು, ಕಿವಿಮಾತು ಅವರೇ: ಹೊಸ ಬ್ಯಾಟರಿ ಹಾಕಿದ್ರೂ ಮಷೀನ್ ಶುರು ಆಗಲ್ಲ ಅಂತ ದೂರು ಬರುತ್ತಲ್ಲ, ಅದ್ಯಾಕೆ?

ಕಿವಿಮಾತು
ಬ್ಯಾಟರಿ ಮೇಲೊಂದು ಬಣ್ಣದ ಸ್ಟಿಕ್ಕರ್ ಇರುತ್ತೆ, ಅದನ್ನ ಕಿತ್ತು ಒಂದು ನಿಮಿಷ ಹಾಗೇ ಬಿಡಬೇಕು. ಗಾಳಿ ಕುಡಿದ ಮೇಲೆಯೇ ಅದು ಏಳೋದು. ಕಿತ್ತ ಕೂಡಲೇ ಹಾಕಿ ಬಾಗಿಲು ಮುಚ್ಚಿದ್ರೆ ಸತ್ತ ಹಾಗೆ ಇರುತ್ತೆ. ಒಂದು ಸಲ ಸ್ಟಿಕ್ಕರ್ ಕಿತ್ತ ಮೇಲೆ ಬಳಸದೆ ಇಟ್ರೂ ಇಳೀತಾ ಹೋಗುತ್ತೆ, ಹಾಗಾಗಿ ಇಡೀ ಪಟ್ಟಿಯ ಸ್ಟಿಕ್ಕರ್ ಒಟ್ಟಿಗೆ ಕೀಳೋಕೆ ಮಕ್ಕಳಿಗೆ ಬಿಡಬೇಡಿ. ಕಿತ್ತಳೆ ಬಣ್ಣದ್ದು 13ನೇ ನಂಬರು, ನೀಲಿ 675. ಯಾವುದು ಅಂತ ನೋಡ್ಕೊಂಡು ಒಂದು ಪಟ್ಟಿ ಮೇಜಿನ ಡ್ರಾಯರಿನಲ್ಲಿ ಇಟ್ಕೊಳ್ಳಿ.